ನೋವಿಲ್ಲದ ಗಂಟಲಿಗೆ ಕಡ್ಡಿ

ನೋವಿರುವವನ ಬಾಯಿ ತೆರೆಸುವುದು ಸುಲಭ. "ಆ ಅನ್ನಪ್ಪ" ಎಂದರೆ ಅನ್ನುತ್ತಾನೆ, ಅವನಿಗೆ ಗರಜಿದೆ. ಹೊಟ್ಟೆ ತುಂಬ ಮುದ್ದೆ ಉಂಡು, ಬೀಡಿ ಹಚ್ಚಿಕೊಂಡು ಹೊಲಕ್ಕೆ ಹೊರಟು ನಿಂತ ಗಟ್ಟಿಮುಟ್ಟಾದ ಮನುಷ್ಯನ ಎದುರು ಹೋಗಿ, "ಸ್ವಲ್ಪ ಬಾಯಿ ತೆಗೀರಿ, ಗಂಟಲೊಳಗೆ ಕಡ್ಡಿ ಹಾಕಬೇಕು" ಎನ್ನುವುದಿದೆಯಲ್ಲ, ಅದು ಕಷ್ಟ. ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಯಂತ್ರಗಳ ವಿಷಯ ನಾನು ಹೇಳಬೇಕಾಗಿಲ್ಲ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬಾಯಿ ತೆರೆಸುವ ವಿಷಯ ಮಾತ್ರ ನನ್ನಿಂದ ಕೇಳಿ. ಅದರಲ್ಲಿ ನಾನು ಬೇಕಾದಷ್ಟು ಸಲ ಬಿದ್ದಿದ್ದೇನೆ.

ನಾನು ತಿಪ್ಪೇಸ್ವಾಮಿ. ಭೈರವಾನಿತಿಪ್ಪದ ಅಣೆಕಟ್ಟೆಯ ಕಡೆಯ ಊರು. ಕುರಿ ಕಾಯುವ ಮನೆತನ. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲಿಗ ನಾನೇ. ಕೆಮಿಸ್ಟ್ರಿ ನನ್ನನ್ನು ಸುಲಭಕ್ಕೆ ಬಿಡಲಿಲ್ಲ. ಫೇಲಾದಾಗಲೆಲ್ಲ ಬಳ್ಳಾರಿಯಿಂದ ಬಸ್ಸಿನಲ್ಲಿ ಬರುತ್ತ, ಇನ್ನು ಕುರಿಯೇ ಗತಿ ಎಂದುಕೊಳ್ಳುತ್ತಿದ್ದೆ. ಕೊನೆಗೂ ಪಾಸಾದೆ. ಆಮೇಲೆ ಬಿ.ಎಸ್ಸಿ. ಎಂಬ ಅಕ್ಷರಗಳನ್ನು ಮನೆಯ ಬಾಗಿಲ ಮೇಲೆ, ಮದುವೆ ಪತ್ರಿಕೆಯ ಮೇಲೆ, ಸೈಕಲ್ಲಿನ ಚೈನ್ ಕವರಿನ ಮೇಲೆ ಬರೆಸಿದೆ. ನಗುವವರು ನಗಲಿ. ಹೆಬ್ಬೆಟ್ಟು ಒತ್ತುತ್ತಿದ್ದ ಅಪ್ಪನ ಮಗನಿಗೆ ಆ ಅಕ್ಷರಗಳು ಎಷ್ಟು ಬೆಲೆಯವು ಎಂದು ಅವರಿಗೇನು ಗೊತ್ತು.

ನಮ್ಮ ಕೆಲಸದ ವಿಚಿತ್ರ ಇಷ್ಟು: ಕೆಲವರ ಗಂಟಲಲ್ಲಿ ರೋಗದ ಬ್ಯಾಕ್ಟೀರಿಯಾ ಸುಮ್ಮನೆ ಮನೆ ಮಾಡಿಕೊಂಡಿರುತ್ತದೆ. ಅವರಿಗೆ ಜ್ವರವಿಲ್ಲ, ನೋವಿಲ್ಲ, ಕೆಮ್ಮಿಲ್ಲ. ಆದರೆ ಅವರಿಂದ ಬೇರೆಯವರಿಗೆ, ಅದರಲ್ಲೂ ಚಿಕ್ಕ ಮಕ್ಕಳಿಗೆ ಹೋಗಬಹುದು. ಅಂಥವರಿಗೆ ನಾವು ಕ್ಯಾರಿಯರ್ ಎನ್ನುತ್ತೇವೆ. ಅವರನ್ನು ಹುಡುಕಬೇಕು. ಹುಡುಕಿ, ಅವರ ಮನಸ್ಸು ನೋಯದಂತೆ ಹೇಳಬೇಕು. ಮೊದಲನೆಯದಕ್ಕೆ ಪುಸ್ತಕವಿದೆ. ಎರಡನೆಯದಕ್ಕೆ ಇಲ್ಲ.

ನನ್ನ ಮೊದಲ ಕೆಲಸ ರಾಯದುರ್ಗದಲ್ಲಿ. ಅಲ್ಲಿನ ಹಿರಿಯ ಟೆಕ್ನಿಷಿಯನ್ ಖಾಜಾ ಸಾಬರು. ನಾನು ತಂದ ಮೊದಲ ಸ್ವಾಬನ್ನು, ಅಂದರೆ ಗಂಟಲು ಒರೆಸಿದ ಹತ್ತಿಯ ಕಡ್ಡಿಯನ್ನು, ಬೆಳಕಿಗೆ ಹಿಡಿದು ನೋಡಿ ಕೇಳಿದರು: "ಏನ್ ಬಿಎಸ್ಸಿ, ನಾಲಿಗಿ ಒರಿಸಿಕೊಂಡು ಬಂದಿಯೇನ?"

"ಇಲ್ರಿ, ಗಂಟಲದ್ದೇ ರಿ."

"ಆ ಮನುಷ್ಯಾ ಓಕರಿಸಿದನೇನು?"

"ಇಲ್ರಿ, ಆರಾಮ ನಕ್ಕೊಂತ ಕುಂತಿದ್ದ."

"ನಕ್ಕೊಂತ ಕುಂತಿದ್ದ ಅಂದ್ರ ಗಂಟಲು ಮುಟ್ಟಿಲ್ಲ ನೀನು. ನೋಡಪಾ, ವಾಂತಿ ಬಂದಂಗ ಆಗಬೇಕು, ಆದರ ವಾಂತಿ ಆಗಬಾರದು. ಅವೆರಡರ ನಡುವ ಐತಿ ನಮ್ಮ ನೌಕರಿ."

ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಯಾವ ಟ್ರೇನಿಂಗಿನಲ್ಲೂ ಕೇಳಲಿಲ್ಲ. ಆ ನಡುವಿನ ಜಾಗ ನನ್ನ ಕೈಗೆ ಸಿಗಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ನನ್ನ ಅಂಗಿಗಳನ್ನು ಹೆಂಡತಿ ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಆಗ ಶಾಲಾ ಮಕ್ಕಳ ಗಂಟಲು ಪರೀಕ್ಷೆ ಮಾಡುವ ಕೆಲಸ ಬಂತು. ಗಂಟಲಲ್ಲಿ ಸ್ಟ್ರೆಪ್ಟೊಕಾಕಸ್ ಇದ್ದರೆ ಮುಂದೆ ಕೆಲವು ಮಕ್ಕಳಿಗೆ ಕೀಲುನೋವು, ಹೃದಯದ ತೊಂದರೆ ಬರಬಹುದು, ಅದಕ್ಕೆ. ಅದನ್ನು ಬೆಳೆಸಲು ರಕ್ತ ಸೇರಿಸಿದ ಅಗರ್ ಎಂಬ ಅಂಟು ಹುಯ್ದ ತಟ್ಟೆ ಬೇಕು. ಕುರಿಯ ರಕ್ತವಾದರೆ ಶ್ರೇಷ್ಠ. "ಕುರಿ ಎಲ್ಲಿ ಹುಡುಕೋದು" ಎಂದು ಖಾಜಾ ಸಾಬರು ತಲೆ ಕೆರೆದುಕೊಳ್ಳುವಾಗ ನಾನು ಎದೆ ಉಬ್ಬಿಸಿ, "ನಮ್ಮ ಮನ್ಯಾಗ ಅದಾವ್ರಿ" ಎಂದೆ. ಜೀವನದಲ್ಲಿ ಮೊದಲ ಬಾರಿಗೆ ನಮ್ಮ ಕುರಿಹಟ್ಟಿ ವಿಜ್ಞಾನಕ್ಕೆ ಬೇಕಾಗಿತ್ತು.

ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. "ಗಟ್ಟಿ ಇರೋ ಟಗರು ಬೇಕು. ರೋಗ ಇರಬಾರದು. ಬರೋ ವಾರ ಬರ್ತೀನಿ."

ಅಪ್ಪ ನನ್ನ ಮುಖವನ್ನೇ ನೋಡಿದ. "ಅಷ್ಟೆಲ್ಲಾ ಓದಿ ಕಡೀಕ ಕುರಿ ರಕ್ತಕ್ಕ ಬಂದಿಯೇನಪಾ. ಮೊದ್ಲ ಹೇಳಿದ್ರ ಓದಸತಿದ್ದಿಲ್ಲ."

ಮುಂದಿನ ವಾರ ಹೋದಾಗ ಟಗರು ಮಿರಮಿರ ಮಿಂಚುತ್ತಿತ್ತು. ಕುತ್ತಿಗೆಯಿಂದ ರಕ್ತ ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ರಾಯದುರ್ಗಕ್ಕೆ ತಂದು ತಟ್ಟೆ ಹುಯ್ದೆ. ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸ್ವಾಬ್ ತೆಗೆದೆ. ಮಾರನೆಯ ದಿನ ನೋಡಿದರೆ ತಟ್ಟೆಗಳೆಲ್ಲ ಖಾಲಿ. ಒಂದು ಚುಕ್ಕೆಯೂ ಇಲ್ಲ. ನಾನು ಖಾಜಾ ಸಾಬರಿಗೂ ತೋರಿಸದೆ ನೇರವಾಗಿ ಹೆಡ್ ಮಾಸ್ಟರ ಹತ್ತಿರ ಹೋಗಿ, ನಿಮ್ಮ ಶಾಲೆಯಲ್ಲಿ ಒಂದು ಮಗುವಿನ ಗಂಟಲಲ್ಲೂ ಏನೂ ಇಲ್ಲ ಎಂದು ಘೋಷಿಸಿದೆ. ಅವರು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಂದ ನನಗೆ ಚಪ್ಪಾಳೆ ತಟ್ಟಿಸಿದರು.

ಖಾಜಾ ಸಾಬರು ತಟ್ಟೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ಏನೂ ಬೆಳದಿಲ್ಲಲ್ಲೋ."

"ಹೌದ್ರಿ. ಎಲ್ಲಾ ಕ್ಲೀನ್."

"ಈಗ ನಿನ್ನ ಬಾಯಾಗ ಕಡ್ಡಿ ಹಾಕಿದ್ರ ಒಂದು ತೋಟಾ ಬೆಳಿತೈತಿ. ನನ್ನ ಬಾಯಾಗೂ ಬೆಳಿತೈತಿ. ಒಳ್ಳೇವು ಕೆಟ್ಟವು ಸಾವಿರ ಜಾತಿ ಇರ್ತಾವು ಗಂಟಲದಾಗ. ಏನೂ ಬೆಳೀಲಾರದ ಗಂಟಲು ಸತ್ತೋರದ್ದೂ ಇರಂಗಿಲ್ಲ. ತಟ್ಟಿ ಖಾಲಿ ಬಂತು ಅಂದ್ರ ಮಕ್ಕಳು ಶುದ್ಧ ಅಂತ ಅಲ್ಲ, ನಾವು ಎಲ್ಲೋ ತಪ್ಪೀವಿ ಅಂತ."

ಎಲ್ಲಿ ತಪ್ಪಿದೆವು ಎಂಬುದು ಆ ಭಾನುವಾರ ಊರಿಗೆ ಹೋದಾಗ ತಿಳಿಯಿತು. ಅಪ್ಪ ತಾನಾಗಿಯೇ ಕೇಳಿದ: "ಆ ಟಗರಿನ ರಕ್ತ ಚಲೋ ಇತ್ತಾ? ನೀನು ಬೇಕು ಅಂತ ಹೇಳಿ ಹೋದ ಮ್ಯಾಲ ಸ್ವಲ್ಪ ಕೆಮ್ಮತಿತ್ತು. ರೋಗ ಇರಬಾರದು ಅಂದಿದ್ದೆಲ್ಲ, ಅದಕ್ಕ ದನದ ಡಾಕ್ಟರನ್ನ ಕರಿಸಿ ದಿನಾ ಸೂಜಿ ಹಾಕಿಸಿದೆ. ನೀನು ಬರೋ ಹಿಂದಿನ ದಿನಾನೂ ಹಾಕಿಸೀನಿ."

ಮಗನ ಕೆಲಸ ಚೆನ್ನಾಗಿ ಆಗಲಿ ಎಂದು ಅಪ್ಪ ಟಗರಿಗೆ ಆಂಟಿಬಯೋಟಿಕ್ ತುಂಬಿಸಿದ್ದ. ಆ ರಕ್ತದ ತಟ್ಟೆಯ ಮೇಲೆ ಯಾವ ಬ್ಯಾಕ್ಟೀರಿಯಾ ಬದುಕಲು ಸಾಧ್ಯ? ಬೇರೆ ಕುರಿಯ ರಕ್ತ ತಂದು, ಅದೇ ಶಾಲೆಗೆ ಹೋಗಿ, ಚಪ್ಪಾಳೆ ತಟ್ಟಿದ ಅವೇ ಮಕ್ಕಳ ಬಾಯಿಗೆ ಮತ್ತೆ ಕಡ್ಡಿ ಹಾಕಿದೆ. ಈ ಸಲ ಚಪ್ಪಾಳೆ ಇರಲಿಲ್ಲ. ಹೆಡ್ ಮಾಸ್ಟರು, "ಏನ್ರಿ, ಮೊನ್ನೆ ಎಲ್ಲಾ ಕ್ಲೀನ್ ಅಂದಿದ್ರಿ, ಒಂದು ವಾರದಾಗ ಹೊಲಸಾದ್ವೇನ್ರಿ ನಮ್ಮ ಮಕ್ಕಳು" ಎಂದರು. ನಾನು ಕಡ್ಡಿಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದೆ.

ಆಮೇಲೆ ಕಾಲ ಬದಲಾಯಿತು. ನಾವೇ ಕಡ್ಡಿಗೆ ಹತ್ತಿ ಸುತ್ತಿ ಕುಕ್ಕರಿನಂಥ ಪಾತ್ರೆಯಲ್ಲಿ ಬೇಯಿಸುತ್ತಿದ್ದದ್ದು ಹೋಗಿ, ಕಂಪನಿಯ ಸ್ವಾಬುಗಳು ಬಂದವು. ಎರಡು ದಿನ ಕಾಯುತ್ತಿದ್ದದ್ದನ್ನು ಯಂತ್ರ ಅರ್ಧ ದಿನದಲ್ಲಿ ಹೇಳತೊಡಗಿತು. ಕರೋನಾ ಬಂದಾಗಲಂತೂ ನಮ್ಮ ದೆಸೆಯೇ ತಿರುಗಿತು. ಅಲ್ಲಿಯವರೆಗೆ ನನ್ನ ಕೆಲಸ ಏನೆಂದು ಬೀಗರಿಗೂ ಅರ್ಥವಾಗಿರಲಿಲ್ಲ. ಆಮೇಲೆ ಟೀ ಅಂಗಡಿಯವನೂ, "ಮೂಗಿಂದಾ, ಗಂಟಲದ್ದಾ?" ಎಂದು ಕೇಳುವಂತಾದ. ಎರಡು ಭಾಷೆಯೂ ಬರುತ್ತದೆ, ಧ್ವನಿಯೂ ದಪ್ಪಗಿದೆ ಎಂದು ಪ್ರಚಾರದ ಆಟೋಗೆ ನನ್ನ ಮಾತನ್ನೇ ರೆಕಾರ್ಡ್ ಮಾಡಿಸಿದರು. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ, ಶುಚಿಯಾಗಿರಿ ಎಂದು ನನ್ನ ಧ್ವನಿ ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ ಮಡಕಶಿರದ ಹಳ್ಳಿ ಹಳ್ಳಿ ಸುತ್ತಿತು. ಆಗ ನಾನು ಮಡಕಶಿರದ ಕಡೆ ಕೆಲಸ ಮಾಡುತ್ತಿದ್ದೆ.

ನಿವೃತ್ತಿ ಹತ್ತಿರ ಬಂದಿತ್ತು. ಹೇಮಾವತಿಯ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಹುಡುಗಿಗೆ ಗಂಟಲಮಾರಿ ಬಂತು. ಡಿಫ್ತೀರಿಯಾ. ಊರಿನ ಹೆಸರು ಹೇಳುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ. ಹುಡುಗಿ ಪವಿತ್ರ, ಆಗಷ್ಟೇ ಶಾಲೆಗೆ ಸೇರಿದವಳು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರು ಸಿಕ್ಕಿಹಾಕಿಕೊಂಡಿತ್ತು. ದೊಡ್ಡಾಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯುತ್ತದೆಯೋ ಇಲ್ಲವೋ ಎನ್ನುವ ಹಾಗಿತ್ತು. ಆ ಬೀದಿಯಲ್ಲಿ ಇನ್ನೂ ಮಕ್ಕಳಿದ್ದರು. ಯಾರ ಗಂಟಲಲ್ಲಿ ಅದು ಸದ್ದಿಲ್ಲದೆ ಕೂತಿದೆ ಎಂದು ಬೇಗ ಪತ್ತೆ ಹಚ್ಚಬೇಕಿತ್ತು.

ನಮ್ಮ ಡಾಕ್ಟರಮ್ಮ ಕಡಪದ ಕಡೆಯವರು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು, ಕೆಲಸದಲ್ಲಿ ನನಗಿಂತ ಚುರುಕು. ಪವಿತ್ರಳ ಮನೆಯವರ ಸ್ವಾಬನ್ನು ಮೊದಲೇ ತೆಗೆದು ಅವರಿಗೆ ಮಾತ್ರೆ ಶುರು ಮಾಡಿಸಿದ್ದರು. ಆ ಮನೆಯವರ ಗಂಟಲಲ್ಲಿ ಆ ಬ್ಯಾಕ್ಟೀರಿಯಾ ಸಿಗಲಿಲ್ಲ. ಉಳಿದದ್ದು ಬೀದಿ. ಸಂಜೆ ಹೊಲದಿಂದ ಜನ ಬಂದ ಮೇಲೆ ಹೋದೆವು. ಹಿಂದೇಟು ಹಾಕುವವರಿಗೆ ನನ್ನದೊಂದು ಉಪಾಯವಿತ್ತು. ಎಲ್ಲರೆದುರು ಕನ್ನಡಿ ಹಿಡಿದು ನನ್ನ ಗಂಟಲಿಗೆ ನಾನೇ ಕಡ್ಡಿ ಹಾಕಿಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಜನ ನಗುತ್ತಿದ್ದರು, ನಕ್ಕ ಬಾಯಿಗಳು ತೆರೆದುಕೊಳ್ಳುತ್ತಿದ್ದವು. ಆ ಸಂಜೆಯೂ ಅಭ್ಯಾಸಬಲದಿಂದ ಮೊದಲು ನಾನೇ ಹಾಕಿಕೊಂಡೆ, ಆದರೆ ಉಪಾಯವೇ ಬೇಕಾಗಿರಲಿಲ್ಲ. ಎಲ್ಲರೂ ಮುಖ ತೊಳೆದು, ತಲೆ ಬಾಚಿ, ಮದುವೆ ಮನೆಗೆ ಬಂದವರ ಹಾಗೆ ಸಾಲಾಗಿ ನಿಂತಿದ್ದರು. ಇಂಥ ಊರು ನನ್ನ ಸರ್ವಿಸಿನಲ್ಲೇ ನೋಡಿಲ್ಲ ಎಂದು ಹೊಗಳಿದೆ.

ತಟ್ಟೆಗಳು ಖಾಲಿ ಬಂದವು. ಒಂದರಲ್ಲಿ ಮಾತ್ರ ಗಂಟಲಿನ ಮಾಮೂಲಿ ಬ್ಯಾಕ್ಟೀರಿಯಾಗಳ ತೋಟವೇ ಎದ್ದಿತ್ತು. ಅದು ನನ್ನದು.

"ಬೀದಿಯಲ್ಲಿ ಒಬ್ಬ ಕ್ಯಾರಿಯರೂ ಇಲ್ಲ. ಒಳ್ಳೇದಾಯ್ತು" ಎಂದರು ಡಾಕ್ಟರಮ್ಮ.

"ಮೇಡಂ, ಅದೇ ತೊಂದರೆ" ಎಂದೆ. ಟಗರಿನ ಕಥೆ ಹೇಳಿದೆ. ಅವರು ಬಹಳ ಹೊತ್ತು ನಕ್ಕು, "ಸರೇ, ಪದಂಡಿ, ಹೋಗೋಣ" ಎಂದು ಜೀಪಿನ ಕಡೆ ನಡೆದರು.

ಪವಿತ್ರಳ ತಾಯಿ ಗಂಗಮ್ಮ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಮನೆಗೆ ಬಂದಿದ್ದಳು. ನಾವು ಬರುವ ಮುಂಚೆ ಜನ ಏನು ಮಾಡಿಕೊಂಡಿದ್ದರು ಎಂದು ಕೇಳಿದೆ.

"ಏನ್ ಮಾಡವ್ರೆ ಸಾರ್, ಎಲ್ರೂವೆ ಗಂಟ್ಲು ಮುಕ್ಕಳಿಸ್ಕಂಡವ್ರೆ. ಕರೋನಾದಾಗೆ ಕೊಟ್ಟಿದ್ದ ಔಸ್ತಿ ಬಾಟ್ಲಿ ಮಿಕ್ಕಿದ್ವಲ್ಲ, ಮನೆಮನೆಗೂ ಅಂಚ್ಕಂಡ್ರಂತೆ. ದೊಡ್ಡೋರು ಬಂದು ಗಂಟಲೊಳಕ್ಕೆ ನೋಡ್ತಾರೆ ಅಂದ್ರೆ ಗಲೀಜು ಇಟ್ಕಂಡು ನಿಂತ್ಕಂತಾರಾ? ಆಟೋದಾಗೆ ನೀವೇ ಅಲ್ವಾ ಸಾರ್ ಹೇಳಿದ್ದು?"

ಡಾಕ್ಟರಮ್ಮ ಆಕಾಶ ನೋಡಿದರು. ನಾನು ಆಟೋ ಮೈಕನ್ನು ಕಂಡುಹಿಡಿದವನನ್ನು ಮನಸ್ಸಿನಲ್ಲೇ ಬೈದೆ.

"ಪವಿತ್ರನ ಗಂಟಲನ್ನ ಯಾರಾದರೂ ಮುಟ್ಟಿದ್ರಾ?" ಎಂದು ಕೇಳಿದೆ.

"ಇಲ್ಲ ಸಾರ್. ನೋವು ಅಂತಿದ್ಲು, ಕಿರುನಾಲಿಗೆ ಬಿದ್ದೈತೆ ಅಂತ ಹನುಮಕ್ಕನ ತಾವ ಎತ್ತಿಸ್ದೆ. ಅಷ್ಟೇಯ."

ನಮ್ಮ ಕಡೆ ಗೊತ್ತಿರುವುದೇ. ಮಗುವಿಗೆ ಗಂಟಲು ನೋವು ಬಂದರೆ ಕಿರುನಾಲಿಗೆ ಜೋತುಬಿದ್ದಿದೆ ಎನ್ನುತ್ತಾರೆ. ಕೈಗುಣವಿರುವ ಮುದುಕಿ ಹೆಬ್ಬೆರಳಿಗೆ ಉಪ್ಪು ಮೆಣಸು ಅದ್ದಿ, ಗಂಟಲೊಳಗೆ ಹಾಕಿ ಎತ್ತುತ್ತಾಳೆ. ಹನುಮಕ್ಕ ಆ ಊರಿನ ಸೂಲಗಿತ್ತಿಯೂ ಆಗಿದ್ದವಳು. ಅವಳ ಮನೆ ಬೀದಿಯ ಆಚೆ ತುದಿಗಿತ್ತು. ಹಿಂದಿನ ಸಂಜೆ ನಾವು ಅವಳನ್ನು ಕರೆದಿರಲೇ ಇಲ್ಲ.

ಮಾರನೆಯ ದಿನ ಬೆಳಕು ಹರಿಯುತ್ತಲೇ ಹೋದೆವು, ಯಾರೂ ಮುಖ ತೊಳೆಯುವ ಮುಂಚೆ. ತೊಳೆಯದ ಬಾಯಿಯನ್ನು ಡಾಕ್ಟರಮ್ಮನಿಗೆ ತೋರಿಸುವುದು ಹೆಂಗಸರಿಗೆ ನಾಚಿಕೆ. ಗಂಡಸರು ಬೇವಿನ ಕಡ್ಡಿ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ನಾನು ಓಡಿಹೋಗಿ, "ಆ ಕಡ್ಡಿ ತಡಿಯಣ್ಣ, ಮೊದಲು ಈ ಕಡ್ಡಿ" ಎನ್ನಬೇಕಿತ್ತು. ಸ್ವಾಬ್ ಕೊಟ್ಟವರಿಗೆಲ್ಲ ಅಲ್ಲೇ ಮಾತ್ರೆ ಕೊಟ್ಟೆವು. ಕೊನೆಗೆ ಹನುಮಕ್ಕನ ಮನೆ. ಮುದುಕಿ ಗಟ್ಟಿ, ಕೊಟ್ಟಿಗೆ ಗುಡಿಸುತ್ತಿದ್ದಳು.

"ನಂಗೇನಾಗೈತಪ್ಪ?" ಎಂದಳು.

"ಏನೂ ಆಗಿಲ್ಲ ಅಜ್ಜಿ. ಏನೂ ಆಗದೋರದ್ದೇ ನೋಡೋದು ನಮ್ಮ ಕೆಲಸ."

"ಒಳ್ಳೆ ಕೆಲ್ಸ ಇಡ್ದಿದೀಯ" ಎಂದು ಪೊರಕೆ ಕೆಳಗಿಟ್ಟಳು. "ಊರ್ನಾಗಿರೋ ಗಂಟ್ಲೆಲ್ಲ ನಾನು ಮುಟ್ಟಿದೀನಿ. ನನ್ ಗಂಟ್ಲು ಮುಟ್ಟೋನು ನೀನೇ ಮೊದ್ಲು. ಮೆಲ್ಲಕ್ಕೆ ಹಾಕು."

ಮೆಲ್ಲಗೆ ಹಾಕಿದೆ. ಓಕರಿಕೆ ಬಂತು, ವಾಂತಿ ಆಗಲಿಲ್ಲ. ಖಾಜಾ ಸಾಬರು ನೋಡಬೇಕಿತ್ತು.

ಈ ಸಲ ತಟ್ಟೆಗಳಲ್ಲಿ ಎಲ್ಲರದ್ದೂ ತೋಟ. ಹನುಮಕ್ಕನ ತಟ್ಟೆಯಲ್ಲಿ ಮಾತ್ರ ಮಸಿಯಂಥ ಕಪ್ಪು ಚುಕ್ಕೆಗಳೂ ಇದ್ದವು. ದೊಡ್ಡ ಲ್ಯಾಬಿಗೆ ಕಳಿಸಿದೆವು. ಗಂಟಲಮಾರಿಯದೇ ಎಂದು ಖಚಿತವಾಯಿತು.

ಇಲ್ಲಿ ಹೊಸಬರು ಒಂದು ಮಾತು ಮನಸ್ಸಿನಲ್ಲಿಡಬೇಕು. ಹನುಮಕ್ಕನಿಂದ ಹುಡುಗಿಗೆ ಬಂತು ಎನ್ನಲು ನಮ್ಮ ಹತ್ತಿರ ಸಾಕ್ಷಿ ಇರಲಿಲ್ಲ. ಹುಡುಗಿಯ ಗಂಟಲು ಮುಟ್ಟಿದ ಕೈಯಿಂದ ಹನುಮಕ್ಕನಿಗೇ ಹೋಗಿರಬಹುದು. ತಟ್ಟೆ ಇದೆ ಅಥವಾ ಇಲ್ಲ ಎಂದು ಹೇಳುತ್ತದೆ, ಯಾರಿಂದ ಯಾರಿಗೆ ಎಂದು ಹೇಳುವುದಿಲ್ಲ. ಆದರೆ ಊರು ಅಷ್ಟು ತಾಳ್ಮೆಯಿಂದ ಕೇಳುತ್ತದೆಯೇ?

ಕೇಳುವ ಹಾಗೆ ಕಾಣಲಿಲ್ಲ. ಜೀಪು ಇಳಿಯುತ್ತಿದ್ದಂತೆ ಕಟ್ಟೆಯ ಹತ್ತಿರ ಜನ ಸುತ್ತುಗಟ್ಟಿದರು. ಒಬ್ಬರದ್ದು ಸಿಕ್ಕಿದೆ ಎಂಬ ಸುದ್ದಿ ಹೇಗೋ ಮೊದಲೇ ಮುಟ್ಟಿತ್ತು. ಡಾಕ್ಟರಮ್ಮ ಮೊದಲು ತಿಳಿಸಿ ಹೇಳಿದರು: "ಊಟದ ಕ್ಯಾರಿಯರ್ ಇರುತ್ತದಲ್ಲ, ಅದು ಊಟ ಹೊರುತ್ತದೆ, ತಾನು ತಿನ್ನುತ್ತದಾ? ಇವರೂ ಹಾಗೇ. ತಪ್ಪು ಅವರದ್ದಲ್ಲ." ಅಷ್ಟು ಹೇಳಿ ಅಂಗನವಾಡಿಯ ಮಕ್ಕಳನ್ನು ನೋಡಲು ಹೋದರು. ಪವಿತ್ರಳ ಸೋದರಮಾವ ನರಸಿಂಹಪ್ಪ ಮುಂದೆ ಬಂದ.

"ಅದೆಲ್ಲ ಸರಿ ಸಾರ್. ಯಾರ್ದು ಅಂತ ಹೇಳ್ಬಿಡಿ. ಮಗು ಅಲ್ಲಿ ಉಸ್ರಿಗೆ ಒದ್ದಾಡ್ತೈತೆ. ಆ ಪುಣ್ಯಾತ್ಮ ಯಾರಾದ್ರೂ ಆಗ್ಲಿ, ಊರಾಚಿಕ್ಕೆ ಇರ್ಲಿ."

ಗುಂಪಿನ ಹಿಂದೆ ಹನುಮಕ್ಕ ಕಂಕುಳಲ್ಲಿ ಯಾರದೋ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವಳಿಗಿನ್ನೂ ಏನೂ ಗೊತ್ತಿಲ್ಲ. ನನಗೆ ಬೇರೆ ದಾರಿ ತೋಚಲಿಲ್ಲ.

"ನಂದೇ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. "ಮೊನ್ನೆ ನಿಮ್ಮೆದುರೇ ಕಡ್ಡಿ ಹಾಕಿಕೊಂಡೆನಲ್ಲ. ಆ ತಟ್ಟೆಯಲ್ಲೇ ಬೆಳೆದಿದ್ದು." ಬೆಳೆದದ್ದಂತೂ ನಿಜ.

ನರಸಿಂಹಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಹೆಂಗಸರು ಸೆರಗನ್ನು ಮೂಗಿಗೆ ಹಿಡಿದರು. ಸಂಜೆಯೊಳಗೆ ನಾನು ಗಂಟಲಮಾರಿ ಸಾರ್ ಆಗಿದ್ದೆ.

ಹನುಮಕ್ಕನಿಗೆ ನಿಜ ಹೇಳದೆ ಇರುವ ಹಾಗಿರಲಿಲ್ಲ. ಅವಳ ಹಿತ್ತಿಲಲ್ಲಿ ಕೂತು ಹೇಳಿದೆ. ಅವಳು ತನ್ನ ಹೆಬ್ಬೆರಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.

"ನಾನೇ ಕೊಟ್ನಾ ಆ ಕೂಸಿಗೆ?"

"ಗೊತ್ತಿಲ್ಲ ಅಜ್ಜಿ. ಯಾರಿಗೂ ಗೊತ್ತಾಗಲ್ಲ. ಆ ಕೂಸೇ ನಿನಗೆ ಕೊಟ್ಟಿರಬಹುದು."

"ಊರಿಗೆ ಯೋಳ್ತೀಯಾ?"

"ಇಲ್ಲ. ನಂದೇ ಅಂತ ಆಗಲೇ ಹೇಳಿಬಿಟ್ಟೆ."

ಅವಳು ತಲೆಯೆತ್ತಿದಳು. "ಬೋ ಓದಿದೀಯ ಅಂತಿದ್ರು" ಎಂದು ಮಾತ್ರ ಹೇಳಿ ಉಳಿದ ಮಾತ್ರೆಗಳನ್ನು ಈಸಿಕೊಂಡಳು. ಇನ್ನು ಯಾರ ಬಾಯಿಗೂ ಬೆರಳು ಹಾಕಬೇಡ ಎಂದು ನಾನು ಹೇಳಲು ಬಾಯಿ ತೆರೆಯುವ ಮುಂಚೆಯೇ, ಅಟ್ಟಣಿಗೆಯಿಂದ ಉಪ್ಪು ಮೆಣಸಿನ ಕರಟವನ್ನು ತೆಗೆದು ತಿಪ್ಪೆಗೆ ಸುರಿದು ಬಂದಳು.

ನನ್ನ ಸುಳ್ಳು ಡಾಕ್ಟರಮ್ಮನ ಕಿವಿಗೂ ಬಿತ್ತು. "ಏಮಂಡಿ ತಿಪ್ಪೇಸ್ವಾಮಿ ಗಾರೂ, ನನಗೆ ಹೇಳದೆ ಗಂಟಲಮಾರಿ ಯಾವಾಗ ತಂದುಕೊಂಡಿರಿ?" ವಿಷಯ ಹೇಳಿದೆ. ಅವರು ಯೋಚಿಸಿ, ಒಂದು ಮಾತ್ರೆ ಪೊಟ್ಟಣವನ್ನು ನನ್ನ ಮುಂದೆ ತಳ್ಳಿದರು. "ಊರವರು ನೋಡುವ ಹಾಗೆ ನುಂಗಿ. ಸುಳ್ಳಾದರೂ ಕೋರ್ಸು ಪೂರ್ತಿ ಮಾಡಬೇಕು." ಆ ಮಾತ್ರೆ ಹೊಟ್ಟೆ ಸುಡುತ್ತದೆ. ನನಗೂ ಸುಟ್ಟಿತು. ಸುದ್ದಿ ಬಸ್ಸು ಹತ್ತಿ, ನನ್ನ ಸಂಸಾರವಿದ್ದ ರಾಯದುರ್ಗಕ್ಕೂ ಹೋಗಿತ್ತು. ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ತಡೆದಳು. "ಯಾಕ್ರಿ, ಊರ ಮಂದೀದೆಲ್ಲಾ ನೋಡಿ ನೋಡಿ ಕಡೀಕ ನೀವ ತಂದೀರಂತಲ್ಲ?" ನಿಜ ಹೇಳುವಂತಿಲ್ಲ. ರೋಗಿಯ ಹೆಸರು ಹೆಂಡತಿಗೂ ಹೇಳಬಾರದು ಎಂಬುದು ನಮ್ಮ ನಿಯಮ. ನನ್ನ ತಟ್ಟೆ ಲೋಟ ಬೇರೆಯಾದವು, ಮೊಮ್ಮಗ ಕಿಟಕಿಯಿಂದ ಮಾತಾಡಿಸಿದ.

ಮಾತ್ರೆ ಮುಗಿದ ಮೇಲೆ ಹನುಮಕ್ಕನ ಗಂಟಲನ್ನು ಮತ್ತೆ ಮತ್ತೆ ನೋಡಬೇಕಿತ್ತು. ಜೀಪಿನಲ್ಲಿ ಹೋಗಿ ಅವಳ ಬಾಗಿಲಲ್ಲಿ ಇಳಿಯುತ್ತಿದ್ದೆ. ಯಾರಾದರೂ ಕೇಳಿದರೆ ಬಿ.ಪಿ. ನೋಡಲು ಬಂದೆ ಎನ್ನುತ್ತಿದ್ದೆ. ದಾರಿಯಲ್ಲಿ ನರಸಿಂಹಪ್ಪ ಕಂಡರೆ ದೂರದಿಂದಲೇ, "ಗಂಟಲಮಾರಿ ಸಾರ್ ಬಂದ್ರು, ದಾರಿ ಬಿಡ್ರಪ್ಪ" ಎಂದು ಕೂಗುತ್ತಿದ್ದ. ಎಲ್ಲರಿಗಿಂತ ಅವನ ಗಂಟಲೇ ಜೋರು. ಬೇಸರವಾಗುತ್ತಿತ್ತು, ಆದರೆ ಒಳಗೊಳಗೆ ಹೆಮ್ಮೆ. ಇಡೀ ಊರಿಗೆ ಗೊತ್ತಾಗದ ಹಾಗೆ ಒಬ್ಬ ಮುದುಕಿಯ ಮಾನ ಕಾಪಾಡುತ್ತಿದ್ದೇನೆ, ಬಿ.ಎಸ್ಸಿ. ಎಂದರೆ ಸುಮ್ಮನೆ ಅಲ್ಲ.

ಕೊನೆಯ ಸ್ವಾಬೂ ಶುದ್ಧ ಬಂತು. ತೋಟವಿತ್ತು, ಕಪ್ಪು ಚುಕ್ಕೆ ಇರಲಿಲ್ಲ. ಹೇಳಿ ಬರೋಣ ಎಂದು ಹೋದೆ. ಪವಿತ್ರ ಆಸ್ಪತ್ರೆಯಿಂದ ವಾಪಸಾಗಿದ್ದಳು. ಸೊರಗಿದ್ದಳು, ಧ್ವನಿ ಇನ್ನೂ ಮೂಗಿನಲ್ಲಿತ್ತು, ಆದರೆ ಜಗಲಿಯ ಮೇಲೆ ಕಡ್ಲೆಕಾಯಿ ಸುಲಿಯುತ್ತಿದ್ದಳು. ಗಂಗಮ್ಮ ನನಗೆ ಒಳಗೆ ಚಾಪೆ ಹಾಕಿ, ಮನೆಯವರು ಕುಡಿಯುವ ಲೋಟದಲ್ಲೇ ಟೀ ಕೊಟ್ಟಳು. ನಾನು ಅನುಮಾನದಿಂದ ಲೋಟ ನೋಡಿದೆ.

"ಕುಡೀರಿ ಸಾರ್. ನಿಮ್ದಲ್ಲ ಅಂತ ಗೊತ್ತು" ಎಂದು ಮೆಲ್ಲಗೆ ಹೇಳಿದಳು.

ನಾನು ಲೋಟ ಕೆಳಗಿಟ್ಟೆ. "ಯಾರು ಹೇಳಿದ್ರು?"

"ಯಾರ್ ಯೋಳ್ಬೇಕು? ರೋಗ ನಿಮ್ದು ಅಂತೀರ, ಜೀಪು ಹೋಗಿ ಹನುಮಕ್ಕನ ಬಾಗ್ಲಾಗೆ ನಿಂತ್ಕಂತೈತೆ. ಬಿಪಿ ನೋಡೋಕೆ ಗಂಟ್ಲೊಳಕ್ಕೆ ಕಡ್ಡಿ ಹಾಕ್ತಾರಾ? ಊರಿಗೆಲ್ಲ ಗೊತ್ತು ಸಾರ್. ನಮ್ಮಣ್ಣಂಗೇ ಮೊದ್ಲು ಗೊತ್ತಾಗಿದ್ದು."

"ನರಸಿಂಹಪ್ಪನಿಗಾ? ಮತ್ತೆ ನನ್ನನ್ನ ಅಷ್ಟು ಕೂಗ್ತಿದ್ದನಲ್ಲ."

"ಹನುಮಕ್ಕಂಗೆ ಕೇಳ್ಸಲಿ ಅಂತ, ಊರಿಗೆ ಗೊತ್ತಿಲ್ಲ ಅಂದ್ಕಳ್ಳಿ ಅಂತ. ಅವತ್ತು ಊರಾಚಿಕ್ಕೆ ಇರ್ಲಿ ಅಂದ್ಬುಟ್ಟಿದ್ನಲ್ಲ. ಅವ್ನ್ನೂ, ನನ್ನೂ, ಈ ಮಗೂನೂವೆ ಹೊಟ್ಟೆಯಿಂದ ಈಚಿಕ್ಕೆ ತಂದೋಳು ಅವಳು. ಎಲ್ಲಿಗೆ ಕಳ್ಸಾನ ಸಾರ್? ನೀವೇನೋ ಅಷ್ಟು ಕಷ್ಟಬಿದ್ದು ಸುಳ್ಳು ಯೋಳಿದ್ರಿ. ನಾವೂ ಅಂಗೇ ಇಟ್ಕಂಡ್ವಿ."

ಲೋಟ ಎತ್ತಿ ಉಳಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದೆ. ಅಷ್ಟರಲ್ಲಿ ಜಗಲಿಗೆ ಹನುಮಕ್ಕ ಬಂದು ಪವಿತ್ರಳ ಪಕ್ಕ ಕೂತು ಕಾಯಿ ಸುಲಿಯತೊಡಗಿದಳು. ನಾನು ಹೊರಗೆ ಬಂದು, "ಎಲ್ಲಿ ಮರಿ, ಒಂದ್ಸಲ ಬಾಯಿ ತೆಗಿ, ಹೆಂಗೈತೆ ನೋಡಾನ" ಎಂದೆ.

ಪವಿತ್ರ ಬಾಯಿ ಬಿಗಿದುಕೊಂಡು ಹನುಮಕ್ಕನ ಬೆನ್ನ ಹಿಂದೆ ಅವಿತಳು. "ಈ ಸಾರ್ ಬ್ಯಾಡ. ಇವ್ರಿಗೆ ಗಂಟಲಮಾರಿ ಐತೆ."

ಗಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಊಂ ಕಣೆ, ದೂರ ಇರು. ಅಜ್ಜಿ ತಾವೇ ಕುಂತ್ಕ" ಎಂದಳು, ಹನುಮಕ್ಕನಿಗೆ ಚೆನ್ನಾಗಿ ಕೇಳುವ ಹಾಗೆ.

ನಾನು ಜಗಲಿ ಇಳಿದು, ಕರವಸ್ತ್ರವನ್ನು ಬಾಯಿಗೆ ಹಿಡಿದು, ನನಗೆ ಬಂದಷ್ಟು ಚೆನ್ನಾಗಿ ಕೆಮ್ಮಿದೆ.